ನೀರಿಗೂ ನೆಲಕ್ಕೂ ಒಂದೇ ಚೂರಿ: ಆಯ್ಕೆ ಹೇಗೆ?

ರೈತನ ಉಪಕರಣಗಳಲ್ಲಿ ಅತಿ ಚಿಕ್ಕದು ಚೂರಿ. ದಿನದಲ್ಲಿ ಅತಿ ಹೆಚ್ಚು ಸಲ ಕೈಗೆ ಬರುವುದೂ ಅದೇ. ಆದರೂ ಬೀಜದ ತಳಿ, ಗೊಬ್ಬರದ ಪ್ರಮಾಣ, ಪಂಪಿನ ಅಶ್ವಶಕ್ತಿ ಮುಂತಾದವುಗಳನ್ನು ನಾಲ್ಕು ಕಡೆ ವಿಚಾರಿಸಿ ಕೊಳ್ಳುವ ರೈತರು ಚೂರಿಯನ್ನು ಮಾತ್ರ ಹೊಳಪು ನೋಡಿ, ಬೆಲೆ ಕೇಳಿ ಕೊಂಡುಬಿಡುತ್ತಾರೆ. ಒಣ ಹೊಲದಲ್ಲಷ್ಟೇ ದುಡಿಯುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ನೀರಿಗಿಳಿದು ದುಡಿಯುವವರಿಗೆ ಮಾತ್ರ ಚೂರಿಯ ಆಯ್ಕೆ ಕೆಲವೊಮ್ಮೆ ಪ್ರಾಣದ ಪ್ರಶ್ನೆಯೇ ಆಗುತ್ತದೆ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಳೆಗಾಲದಲ್ಲಿ ಅಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತದ ಬೆಳೆ. ಕೊಯ್ಲಿನ ನಂತರ ಉಬ್ಬರದ ನೀರನ್ನು ಒಳಗೆ ಬಿಟ್ಟು ಸಿಗಡಿ, ಮೀನು. ಇಂಥ ಕಡೆ ಒಬ್ಬನೇ ರೈತನು ಬೆಳಿಗ್ಗೆ ತೂಬಿನ ಬಳಿ ಎದೆಮಟ್ಟದ ಉಪ್ಪುನೀರಿನಲ್ಲಿ ನಿಂತು ಬಲೆ ಬಿಡಿಸಬೇಕಾಗುತ್ತದೆ, ಮಧ್ಯಾಹ್ನ ತೋಟದಲ್ಲಿ ಬಾಳೆ ಎಲೆ ಸವರಬೇಕಾಗುತ್ತದೆ, ರಾತ್ರಿ ಕಟ್ಟೆಯ ಮೇಲಿನ ಗುಡಿಸಲಿನಲ್ಲಿ ಕಾವಲಿದ್ದು ಸೌದೆ ಸೀಳಿ ಗಂಜಿ ಬೇಯಿಸಿಕೊಳ್ಳಬೇಕಾಗುತ್ತದೆ. ಕೆರೆ ಮತ್ತು ಕೃಷಿಹೊಂಡಗಳಲ್ಲಿ ಮೀನು ಸಾಕುವವರ ಸ್ಥಿತಿಯೂ ಇದೇ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ, ಬಳಿಕ ಬಯಲಿನಲ್ಲಿ ಬಿಡಾರ ಹೂಡುವ ಸಾಹಸಿಗಳಿಗೂ ಇದೇ ಪ್ರಶ್ನೆ ಎದುರಾಗುತ್ತದೆ: ಎರಡು ಕೆಲಸಕ್ಕೂ ಒಂದೇ ಚೂರಿ ಸಾಕೇ? ಸಾಕಾದರೆ, ಅದು ಎಂಥದ್ದಿರಬೇಕು?

ನೀರಿನ ಕೆಲಸ ಬೇರೆ, ನೆಲದ ಕೆಲಸ ಬೇರೆ

ನೆಲದ ಮೇಲೆ ಚೂರಿಯಿಂದ ನಾವು ಕಡಿಯುತ್ತೇವೆ, ಸೀಳುತ್ತೇವೆ, ಕೆತ್ತುತ್ತೇವೆ, ಹೆಚ್ಚುತ್ತೇವೆ. ಇಲ್ಲಿ ಬೇಕಾದುದು ಹರಿತವಾದ ಮತ್ತು ಬಹುಕಾಲ ಹರಿತ ಉಳಿಯುವ ಬಾಯಿ. ಬಾಯಿ ಮೊಂಡಾದರೆ ಕೆಲಸ ನಿಧಾನವಾಗುತ್ತದೆ. ಹತ್ತು ನಿಮಿಷ ಸಾಣೆ ಹಿಡಿದರೆ ಸರಿಯಾಗುತ್ತದೆ.

ನೀರಿನೊಳಗೆ ಕಡಿಯಲು ಸಾಧ್ಯವೇ ಇಲ್ಲ. ಬೀಸಿದ ಕೈಯನ್ನು ನೀರು ತಡೆಯುವುದರಿಂದ ಪೆಟ್ಟಿಗೆ ಬಲವಿರುವುದಿಲ್ಲ. ಅಲ್ಲಿ ಚೂರಿಯ ಕೆಲಸ ಮುಖ್ಯವಾಗಿ ಒಂದೇ: ಕೈಕಾಲಿಗೆ ಸುತ್ತಿಕೊಂಡ ಹಗ್ಗ, ಬಲೆ ಅಥವಾ ಬಳ್ಳಿಯನ್ನು ಎಳೆದು ಕೊಯ್ಯುವುದು. ಈ ಕೆಲಸ ವರ್ಷಕ್ಕೊಮ್ಮೆ ಬರಬಹುದು, ಬಾರದೆಯೂ ಇರಬಹುದು. ಬಂದಾಗ ಮಾತ್ರ ಚೂರಿ ಆ ಕ್ಷಣಕ್ಕೆ ಒರೆಯಿಂದ ಹೊರಬರಬೇಕು, ಮತ್ತು ಕೊಯ್ಯಬೇಕು. ಇಂದು ಬಳಕೆಯಲ್ಲಿರುವ ನೈಲಾನ್ ಬಲೆಯ ಎಳೆ ತೆಳುವಾದರೂ ಕೈಯಿಂದ ಹರಿಯಲು ಬರುವುದಿಲ್ಲ. ನೀರಿನಲ್ಲಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಜಗ್ಗಿದಷ್ಟೂ ಬಿಗಿಯುತ್ತದೆ.

ಆದುದರಿಂದ ಆಯ್ಕೆ ಮಾಡುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಯಾವ ದೋಷಕ್ಕೆ ಹೆಚ್ಚಿನ ಬೆಲೆ ತೆರಬೇಕಾದೀತು ಎಂಬುದು. ನೆಲದ ಮೇಲೆ ಮೊಂಡಾದ ಚೂರಿಗೆ ತೆರುವುದು ಹತ್ತು ನಿಮಿಷದ ದುಡಿಮೆ. ನೀರಿನಲ್ಲಿ ತುಕ್ಕು ಹಿಡಿದು ಒರೆಗೆ ಕಚ್ಚಿಕೊಂಡ ಚೂರಿಗೆ ತೆರಬೇಕಾದುದು ಪ್ರಾಣವೂ ಆಗಬಹುದು.

ತುಕ್ಕು ಹಿಡಿಯುವುದು ಹೇಗೆ?

ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಂದಿಗೆ ಸೇರಿ ತುಕ್ಕಾಗುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಈ ಕ್ರಿಯೆ ಬಹಳ ಚುರುಕಾಗುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಳಿವೆಯ ನೀರು ಮಳೆಗಾಲದಲ್ಲಿ ಬಹುತೇಕ ಸಿಹಿಯಾಗಿದ್ದರೂ ಬೇಸಿಗೆಯಲ್ಲಿ ಹೆಚ್ಚು ಹೆಚ್ಚು ಉಪ್ಪಾಗುತ್ತ ಹೋಗುತ್ತದೆ. ಆದ್ದರಿಂದ ಜುಲೈ ತಿಂಗಳಲ್ಲಿ ಚೆನ್ನಾಗಿದ್ದ ಚೂರಿ ಏಪ್ರಿಲ್‌ನಲ್ಲಿ ಒಂದೇ ವಾರದಲ್ಲಿ ಕೆಂಪಾದರೆ ಆಶ್ಚರ್ಯವಿಲ್ಲ.

ಸಮುದ್ರದಿಂದ ದೂರವಿರುವ ರೈತರೂ ಒಂದು ವಿಷಯವನ್ನು ಗಮನಿಸಬೇಕು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೆಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಅರ್ಧಕ್ಕೆ ಸಮೀಪ ಕ್ಲೋರೈಡ್ ಇರುತ್ತದೆ. ಅಡಿಗೆ ಉಪ್ಪಿನಲ್ಲಿದ್ದು ಉಕ್ಕನ್ನು ತಿನ್ನುವುದೂ ಈ ಕ್ಲೋರೈಡೇ. ಗೊಬ್ಬರದ ಕೋಣೆಯಲ್ಲಿ ಪೊಟ್ಯಾಷ್ ಚೀಲದ ಮೇಲೆ ಕತ್ತಿ, ಕುಡುಗೋಲು ಇಡುವ ಅಭ್ಯಾಸವನ್ನು ಬಿಡುವುದು ಹಿತಕರ.

ತುಕ್ಕಿನಿಂದ ಎರಡು ಬಗೆಯ ತೊಂದರೆ. ಮೊದಲನೆಯದು, ಚೂರಿಯ ಬಾಯಿ ಅಲಗಿನ ಅತಿ ತೆಳುವಾದ ಭಾಗವಾದ್ದರಿಂದ ಅದು ಬೇಗ ಕೆಡುತ್ತದೆ. ಅಲಗಿನ ಮೈಯಲ್ಲಿ ತುಕ್ಕು ಕಾಣುವ ಮೊದಲೇ ಹರಿತ ಹೋಗಿರುತ್ತದೆ. ಎರಡನೆಯದು, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹೀಗೆ ಊದಿಕೊಂಡ ತುಕ್ಕು ಬಿಗಿಯಾದ ಒರೆಯಲ್ಲಿ ಅಲಗನ್ನು ಹಿಡಿದಿಡುತ್ತದೆ. ಮಡಿಚುವ ಚೂರಿಯಾದರೆ ಅದರ ಕೀಲು ಬಿಗಿಯುತ್ತದೆ.

ಉಕ್ಕಿನ ಗುಣ: ಇಂಗಾಲ ಮತ್ತು ಕ್ರೋಮಿಯಂ

ಉಕ್ಕಿಗೆ ಗಡಸುತನ ಕೊಡುವುದು ಇಂಗಾಲ. ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆಯಿರುವ ಮೆದು ಕಬ್ಬಿಣವನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೂ ಹರಿತ ನಿಲ್ಲುವಷ್ಟು ಗಡಸಾಗದು. ನಮ್ಮ ಕಮ್ಮಾರರು ಮಚ್ಚು, ಕತ್ತಿಗಳಿಗೆ ಲಾರಿಯ ಕಮಾನು ಪಟ್ಟಿಯನ್ನು ಆರಿಸುವುದು ಇದೇ ಕಾರಣಕ್ಕೆ. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರಷ್ಟು ಇಂಗಾಲವಿದ್ದು, ಪೆಟ್ಟು ತಡೆಯುವ ಗುಣವೂ ಇದೆ. ಉಕ್ಕಿನ ವಿದ್ಯೆ ನಮಗೆ ಹೊಸದಲ್ಲ. ದಕ್ಷಿಣ ಭಾರತದಿಂದ ಹೊರನಾಡುಗಳಿಗೆ ಹೋಗುತ್ತಿದ್ದ ಹೆಸರಾಂತ ಉಕ್ಕನ್ನು ಯುರೋಪಿನವರು ‘ವೂಟ್ಜ್’ ಎಂದು ಕರೆದರು. ಆ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ತುಕ್ಕನ್ನು ತಡೆಯುವುದು ಕ್ರೋಮಿಯಂ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞನು 1913ರಲ್ಲಿ ಬಂದೂಕಿನ ನಳಿಗೆಗೆ ಬೇಗ ಸವೆಯದ ಉಕ್ಕನ್ನು ಹುಡುಕುತ್ತಿದ್ದಾಗ, ಶೇಕಡಾ 12.8 ಕ್ರೋಮಿಯಂ ಮತ್ತು 0.24 ಇಂಗಾಲವಿದ್ದ ಉಕ್ಕು ತುಕ್ಕು ಹಿಡಿಯದಿರುವುದನ್ನು ಕಂಡನು. ಊಟದ ಚೂರಿಗಳು ಆ ಉಕ್ಕಿನ ಮೊದಲ ಬಳಕೆಗಳಲ್ಲಿ ಸೇರಿದ್ದವು. ಉಕ್ಕಿನಲ್ಲಿ ಕ್ರೋಮಿಯಂ ಸುಮಾರು ಶೇಕಡಾ 10.5 ದಾಟಿದರೆ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಕಟ್ಟುತ್ತದೆ. ಗೀರು ಬಿದ್ದರೂ ಆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ.

ಹಾಗಾದರೆ ಇಂಗಾಲವನ್ನೂ ಕ್ರೋಮಿಯಂ ಅನ್ನೂ ಧಾರಾಳವಾಗಿ ಸೇರಿಸಿದರೆ ಆಯಿತಲ್ಲವೇ ಎಂದು ಕೇಳಬಹುದು. ತೊಡಕು ಇರುವುದು ಇಲ್ಲಿಯೇ. ಇಂಗಾಲ ಹೆಚ್ಚಿದಂತೆ ಅದು ಕ್ರೋಮಿಯಂನ ಒಂದು ಪಾಲನ್ನು ತನ್ನೊಂದಿಗೆ ಕಟ್ಟಿಹಾಕಿ ಗಡಸು ಕಣಗಳನ್ನು ಮಾಡುತ್ತದೆ. ಆ ಪಾಲು ಪೊರೆ ಕಟ್ಟಲು ಒದಗುವುದಿಲ್ಲ. ಮಣ್ಣಿನಲ್ಲಿ ರಂಜಕವಿದ್ದರೂ ಅದು ಸುಣ್ಣದೊಂದಿಗೆ ಬೆಸೆದುಕೊಂಡು ಬೆಳೆಗೆ ಸಿಗದಂತಾಗುವುದನ್ನು ರೈತರು ಬಲ್ಲರು, ಇಲ್ಲಿಯೂ ಹಾಗೆಯೇ. ಹೀಗಾಗಿ ಹರಿತ ಉಳಿಯುವ ಗುಣ ಮತ್ತು ತುಕ್ಕು ತಡೆಯುವ ಗುಣ ಒಂದನ್ನೊಂದು ಎಳೆಯುತ್ತವೆ.

ಮಾರುಕಟ್ಟೆಯಲ್ಲಿ ಸಿಗುವ ಮುಖ್ಯ ಬಗೆಗಳು ಇವು:

1. ಸಾದಾ ಇಂಗಾಲದ ಉಕ್ಕು: ಚೂರಿಗೆ ಬಳಸುವಾಗ ಇಂಗಾಲ ಸಾಮಾನ್ಯವಾಗಿ ಶೇಕಡಾ 0.6ರಿಂದ 1.0. ಒಳ್ಳೆಯ ಹರಿತ, ಸುಲಭದ ಸಾಣೆ, ಕಡಿಮೆ ಬೆಲೆ. ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುವುದು ಇದೇ. ಉಪ್ಪುನೀರಿಗೆ ತಕ್ಕುದಲ್ಲ.

2. 420 ದರ್ಜೆಯ ಸ್ಟೇನ್‌ಲೆಸ್ ಉಕ್ಕು: ಕ್ರೋಮಿಯಂ ಶೇಕಡಾ 12ರಿಂದ 14, ಇಂಗಾಲ ಕಡಿಮೆ. ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಬಗ್ಗಿದರೂ ಬೇಗ ಮುರಿಯದು. ಆದರೆ ಬೇಗ ಮೊಂಡಾಗುತ್ತದೆ. ಮುಳುಗುಗಾರರ ಚೂರಿಗಳಲ್ಲಿ ಇದರ ಬಳಕೆ ಹೆಚ್ಚು.

3. 440ಸಿ ದರ್ಜೆ: ಕ್ರೋಮಿಯಂ ಶೇಕಡಾ 16ರಿಂದ 18, ಇಂಗಾಲ 0.95ರಿಂದ 1.20. ಹರಿತ ಬಹುಕಾಲ ನಿಲ್ಲುತ್ತದೆ. ಕ್ರೋಮಿಯಂ ಹೆಚ್ಚಿದ್ದರೂ ಮೇಲೆ ಹೇಳಿದ ಕಾರಣದಿಂದ ಉಪ್ಪುನೀರಿನಲ್ಲಿ ಆರೈಕೆ ತಪ್ಪಿದರೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.

4. 304 ದರ್ಜೆ: ಪಾತ್ರೆಯ ಸ್ಟೀಲು. ಕ್ರೋಮಿಯಂ ಜೊತೆಗೆ ನಿಕಲ್ ಇದೆ, ಇಂಗಾಲ ತೀರ ಕಡಿಮೆ. ಕಾಯಿಸಿ ಅದ್ದಿ ಗಡಸುಗೊಳಿಸಲು ಬರುವುದಿಲ್ಲ. ಚಮಚಕ್ಕೆ ಒಳ್ಳೆಯದು, ಚೂರಿಗಲ್ಲ.

5. ಟೈಟೇನಿಯಂ: ಸಮುದ್ರದ ನೀರಿನಲ್ಲಿಯೂ ತುಕ್ಕು ಹಿಡಿಯದ ಹಗುರ ಲೋಹ. ಬೆಲೆ ಹೆಚ್ಚು, ಹರಿತ ಬೇಗ ಹೋಗುತ್ತದೆ. ಈಚಿನ ದಶಕಗಳಲ್ಲಿ ಇಂಗಾಲದ ಬದಲು ಬಹುಮಟ್ಟಿಗೆ ಸಾರಜನಕದಿಂದ ಗಡಸುತನ ಪಡೆಯುವ ಉಕ್ಕುಗಳೂ ಬಂದಿವೆ. ಸಾರಜನಕವು ಇಂಗಾಲದಂತೆ ಕ್ರೋಮಿಯಂ ಅನ್ನು ಕಟ್ಟಿಹಾಕುವುದಿಲ್ಲವಾದ್ದರಿಂದ ಅವು ಎರಡೂ ಕೆಲಸಕ್ಕೆ ಒದಗುತ್ತವೆ. ಆದರೆ ಬೆಲೆ ಸಾಮಾನ್ಯ ರೈತನಿಗೆ ಎಟುಕುವಂಥದ್ದಲ್ಲ.

ಸ್ಟೇನ್‌ಲೆಸ್ ಎಂದರೆ ತುಕ್ಕೇ ಇಲ್ಲವೆಂದಲ್ಲ

ಮೇಲೆ ಹೇಳಿದ ಪೊರೆ ಉಳಿಯಬೇಕಾದರೆ ಆಮ್ಲಜನಕ ಬೇಕು. ಹಿಡಿಯ ಸಂದು, ಮೊಳೆಯ ಸುತ್ತಮುತ್ತ, ಒದ್ದೆಯಾದ ಒರೆಯ ಒಳಗೆ ಉಪ್ಪುನೀರು ನಿಂತರೆ ಅಲ್ಲಿ ಆಮ್ಲಜನಕ ಬೇಗ ಮುಗಿದು, ಪೊರೆ ಒಡೆದು, ಮೇಲೆ ಹೊಳೆಯುವ ಚೂರಿ ಒಳಗಿನಿಂದ ಕೊರೆದುಹೋಗುತ್ತದೆ. ಆದ್ದರಿಂದ ಹಿಡಿಯನ್ನು ಒಂದು ತಿರುಪಿನಿಂದ ಬಿಚ್ಚಿ ತೊಳೆಯಲು ಬರುವ ಚೂರಿ, ಅಥವಾ ಸಂದೇ ಇಲ್ಲದಂತೆ ಅಲಗಿನ ಮೇಲೆ ಎರಕ ಹೊಯ್ದ ಪ್ಲಾಸ್ಟಿಕ್ ಹಿಡಿಯ ಚೂರಿ ಉತ್ತಮ. ಹಿತ್ತಾಳೆಯ ಮೊಳೆ ಬೇಡ. ಉಪ್ಪುನೀರಿನಲ್ಲಿ ಹಿತ್ತಾಳೆ ಮತ್ತು ಉಕ್ಕು ತಾಗಿಕೊಂಡಿದ್ದರೆ ಉಕ್ಕು ಬೇಗ ಸವೆಯುತ್ತದೆ.

ಅಲಗು, ಮೊನೆ, ಹಲ್ಲು

ಉದ್ದ: ನೀರಿನ ಕೆಲಸಕ್ಕೆ 8ರಿಂದ 10 ಸೆಂ.ಮೀ. ಅಲಗು ಸಾಕು. ನೆಲದ ಮೇಲೂ ಬಳಸುವುದಾದರೆ 10ರಿಂದ 12 ಸೆಂ.ಮೀ. ಇರಲಿ. ಇದಕ್ಕಿಂತ ಉದ್ದದ ಚೂರಿ ಬಲೆಯೊಳಗೆ ತಾನೇ ಸಿಕ್ಕಿಕೊಳ್ಳುತ್ತದೆ.

ಮೊನೆ: ನೀರಿನಲ್ಲಿ ಅವಸರದಿಂದ, ಮಸುಕಿನಲ್ಲಿ ಚೂರಿ ಎಳೆಯುವಾಗ ಚೂಪಾದ ಮೊನೆ ನಮ್ಮ ಮೈಗೆ ಅಥವಾ ಜೊತೆಯವನಿಗೆ ಚುಚ್ಚುತ್ತದೆ, ಮುಳುಗುಗಾರನ ಗಾಳಿಯ ಕೊಳವೆಗೂ ಅಪಾಯ. ಆದ್ದರಿಂದ ಮೊಂಡು ಮೊನೆಯೇ ಮೇಲು. ನೆಲದ ಮೇಲೆ ಎಳನೀರು ತೂತು ಮಾಡಲು ಮೊನೆ ಬೇಕೆನಿಸಿದರೂ ಆ ಅನುಕೂಲವನ್ನು ಬಿಟ್ಟುಕೊಡುವುದು ವಿವೇಕ.

ಹಲ್ಲು: ಭತ್ತ ಕೊಯ್ಯುವ ಹಲ್ಲಿನ ಕುಡುಗೋಲನ್ನು ಬಳಸಿದವರಿಗೆ ಇದರ ಗುಣ ತಿಳಿದಿದೆ. ಹಲ್ಲು ಎಳೆಯನ್ನು ಜಾರಲು ಬಿಡದೆ ಹಿಡಿದು ಕೊಯ್ಯುತ್ತದೆ. ಬಾಯಿ ಸ್ವಲ್ಪ ಮೊಂಡಾಗಿದ್ದರೂ ಕೆಲಸ ನಿಲ್ಲುವುದಿಲ್ಲ. ದಪ್ಪ ಹಗ್ಗಕ್ಕೆ ಹಲ್ಲು, ಬಲೆಯ ತೆಳು ಎಳೆಗೆ ಹಾಗೂ ಅಡಿಗೆಯ ಕೆಲಸಕ್ಕೆ ನೇರ ಬಾಯಿ ಬೇಕು. ಹಿಡಿಯ ಹತ್ತಿರ ಅರ್ಧ ಹಲ್ಲು, ತುದಿಯ ಕಡೆ ಅರ್ಧ ನೇರ ಬಾಯಿ ಇರುವ ಅಲಗು ಎರಡಕ್ಕೂ ಒದಗುತ್ತದೆ. ಅಲಗಿನ ಬೆನ್ನಿನಲ್ಲಿ ಎಳೆ ಹಿಡಿದು ಕೊಯ್ಯುವ ಚಿಕ್ಕ ಕೊಕ್ಕೆಯಿದ್ದರೆ ಇನ್ನೂ ಒಳ್ಳೆಯದು.

ಬಾಲ: ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರಬೇಕು. ಅರ್ಧಕ್ಕೇ ನಿಂತ ಬಾಲ ಸೌದೆ ಸೀಳುವಾಗ ಮುರಿಯುತ್ತದೆ. ಮಡಿಚುವ ಚೂರಿ ಜೇಬಿಗೆ ಅನುಕೂಲವಾದರೂ ನೀರಿನಲ್ಲಿ ಒಂದೇ ಕೈಯಿಂದ ಬಿಚ್ಚುವುದು ಕಷ್ಟ. ಅದರ ಕೀಲಿನಲ್ಲಿ ಮರಳು, ಉಪ್ಪು ನಿಲ್ಲುತ್ತವೆ.

ಹಿಡಿ ಮತ್ತು ಒರೆ

ಮರದ ಹಿಡಿ ನೆಲದ ಕೆಲಸಕ್ಕೆ ಹಿತವಾದರೂ ನೀರು ಕುಡಿದು ಊದಿ, ಒಣಗಿ ಬಿರಿಯುತ್ತದೆ. ಗೀರುಗಳಿರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಹಿಡಿ ಒದ್ದೆ ಕೈಯಲ್ಲೂ ಜಾರದು. ಬಣ್ಣ ಹಳದಿ ಅಥವಾ ಕಿತ್ತಳೆ ಇರಲಿ. ಕಪ್ಪು ಹಿಡಿಯ ಚೂರಿ ಕೆಸರಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ.

ಚರ್ಮದ ಒರೆ ನೀರಿಗೆ ಬೇಡವೇ ಬೇಡ. ಅದು ಉಪ್ಪುನೀರನ್ನು ಹೀರಿ ದಿನಗಟ್ಟಲೆ ಹಿಡಿದಿಟ್ಟುಕೊಂಡು ಅಲಗನ್ನು ತಿನ್ನುತ್ತದೆ. ಕೆಳಗೆ ನೀರು ಇಳಿಯಲು ತೂತಿರುವ, ಚೂರಿಯನ್ನು ತಾನೇ ಹಿಡಿದುಕೊಳ್ಳುವ ಗಟ್ಟಿ ಪ್ಲಾಸ್ಟಿಕ್ ಒರೆ ಸೂಕ್ತ. ಒರೆಯನ್ನು ತಲೆಕೆಳಗು ಮಾಡಿ ಜಾಡಿಸಿದರೂ ಚೂರಿ ಬೀಳಬಾರದು. ಹೆಬ್ಬೆರಳು ಒತ್ತಿದ ಕೂಡಲೇ ಬರಬೇಕು. ಎರಡೂ ಕೈಗಳಿಗೆ ಎಟುಕುವಂತೆ ಎದೆಯ ಅಥವಾ ಸೊಂಟದ ಮುಂಭಾಗದಲ್ಲಿ ಕಟ್ಟಿಕೊಳ್ಳಬೇಕು. ಬಲಗೈಯೇ ಬಲೆಗೆ ಸಿಕ್ಕಿದಾಗ ಬೆನ್ನ ಹಿಂದಿನ ಕೊಕ್ಕೆಯಲ್ಲಿರುವ ಕತ್ತಿಯಿಂದ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ

ಒಂದು ಚಿಕ್ಕ ಅಯಸ್ಕಾಂತ ಮತ್ತು ಒಂದು ಹಳೆಯ ಅರ ಜೊತೆಗಿರಲಿ. ಗಡಸುಗೊಳಿಸಲು ಬರುವ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಅಂಟದಿದ್ದರೆ ಅಥವಾ ಸಡಿಲವಾಗಿ ಅಂಟಿದರೆ ಅದು ಬಹುಶಃ ಪಾತ್ರೆಯ ಸ್ಟೀಲು. ಅಂಗಡಿಯವರು ಒಪ್ಪಿದರೆ ಹಿಡಿಯ ಹತ್ತಿರ ಅಲಗಿನ ಬಾಯಿಗೆ ಅರವನ್ನು ಹಗುರವಾಗಿ ತಾಗಿಸಿ ನೋಡಬಹುದು. ಅರ ಜಾರಿದರೆ ಅಲಗು ಗಡಸು. ಸ್ವಲ್ಪ ಕಚ್ಚಿದರೆ ಮಧ್ಯಮ. ಮರದಂತೆ ಸುಲಭವಾಗಿ ತಿಂದರೆ ತೀರ ಮೆದು. ನೀರಿಗೂ ನೆಲಕ್ಕೂ ಬೇಕಾದುದು ಮಧ್ಯಮ. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎನ್ನುವ ನಾವು ಚೂರಿಯ ಹದವನ್ನೂ ನೋಡಿಯೇ ಕೊಳ್ಳಬೇಕು.

ಬಳಕೆ ಮತ್ತು ಆರೈಕೆ

ಉಪ್ಪುನೀರಿನಿಂದ ಬಂದ ದಿನವೇ ಚೂರಿಯನ್ನೂ ಒರೆಯನ್ನೂ ಬೇರೆ ಬೇರೆಯಾಗಿ ಸಿಹಿನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಗಾಳಿಗಿಟ್ಟು ಒಣಗಿಸಬೇಕು. ಆನಂತರ ತೆಳುವಾಗಿ ಎಣ್ಣೆ ಸವರಬೇಕು. ತಿನ್ನುವ ವಸ್ತು ಹೆಚ್ಚುವ ಚೂರಿಗೆ ಕೊಬ್ಬರಿ ಎಣ್ಣೆ ಸಾಕು. ಎಷ್ಟೇ ಒಳ್ಳೆಯ ಉಕ್ಕಾದರೂ ಈ ಐದು ನಿಮಿಷದ ಕೆಲಸಕ್ಕೆ ಬದಲಿಲ್ಲ.

ಸಾಣೆಯನ್ನು ನೀರು ಹಾಕಿದ ಕಲ್ಲಿನ ಮೇಲೆ ಕೈಯಿಂದ ಹಿಡಿಯಿರಿ. ಪ್ರತಿ ಬದಿಗೂ ಸುಮಾರು 20 ಡಿಗ್ರಿ ಓರೆಯಿರಲಿ. ಸೌದೆ ಕೆಲಸ ಹೆಚ್ಚಿದ್ದರೆ 25 ಡಿಗ್ರಿ. ತಿರುಗುವ ಸಾಣೆ ಯಂತ್ರಕ್ಕೆ ಕೊಟ್ಟರೆ ಬಾಯಿ ಕಾಯದಂತೆ ಮೇಲಿಂದ ಮೇಲೆ ನೀರಿನಲ್ಲಿ ಅದ್ದಿಸಬೇಕು. ಸಾದಾ ಇಂಗಾಲದ ಉಕ್ಕಿನ ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಶಾಖ ಸುಮಾರು 300 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದೆಯೆಂದೂ, ಆ ಭಾಗದ ಹದ ಇಳಿದಿದೆಯೆಂದೂ ತಿಳಿಯಬೇಕು.

ನೀರಿನಲ್ಲಿ ಸಿಕ್ಕಿಕೊಂಡಾಗ ಒದ್ದಾಡಬಾರದು. ಅಲುಗಾಡದೆ ನಿಂತು, ಎಳೆಯನ್ನು ಮೈಯಿಂದ ದೂರ ಎತ್ತಿ ಹಿಡಿದು, ಹೊರಮುಖವಾಗಿ ಕೊಯ್ಯಬೇಕು. ಒಬ್ಬರೇ ಆಳ ನೀರಿಗೆ ಇಳಿಯಬಾರದು. ಚೂರಿಯಿದೆಯೆಂಬ ಧೈರ್ಯ ಜೊತೆಗಾರನಿಗೆ ಸಾಟಿಯಲ್ಲ.

ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಆ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಇರುವುದು ಮಣ್ಣು ಮತ್ತು ಸಗಣಿಯಲ್ಲಿ. ಹೊಳೆಯುವ ಹೊಸ ಚೂರಿಯಿಂದಾದ ಗಾಯಕ್ಕೂ ಮಣ್ಣು ತಾಗಿದರೆ ಅಪಾಯವುಂಟು. ಗಾಯವನ್ನು ಶುದ್ಧ ನೀರು, ಸಾಬೂನಿನಿಂದ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು. ಉಪ್ಪುನೀರಿನಲ್ಲಾದ ಗಾಯ ಕೆಂಪಾಗಿ ಊದಿದರೆ ತಡಮಾಡಬಾರದು.

ಒಂದೋ ಎರಡೋ?

ಕೈಲಾದವರು ಎರಡು ಇಟ್ಟುಕೊಳ್ಳುವುದೇ ಮೇಲು: ನೀರಿಗೆ ಚಿಕ್ಕ ಸ್ಟೇನ್‌ಲೆಸ್ ಚೂರಿ, ನೆಲಕ್ಕೆ ಕಮ್ಮಾರನ ಕುಲುಮೆಯ ಕತ್ತಿ. ಸೌದೆ ಕಡಿಯುವ, ತೆಂಗಿನಕಾಯಿ ಸುಲಿಯುವ ಕೆಲಸವನ್ನು ಹತ್ತು ಸೆಂಟಿಮೀಟರಿನ ಚೂರಿಯಿಂದ ಮಾಡಿಸಬಾರದು. ಒಂದನ್ನೇ ಕೊಳ್ಳಬೇಕಾದರೆ ನೀರಿನ ಅಗತ್ಯಕ್ಕೆ ಮೊದಲ ಸ್ಥಾನ ಕೊಟ್ಟು ಕೆಳಗಿನಂತೆ ಆರಿಸಿರಿ:

1. 420 ದರ್ಜೆಯ ಅಥವಾ ಅದಕ್ಕೆ ಸಮನಾದ, ಮಧ್ಯಮ ಗಡಸಿನ ಸ್ಟೇನ್‌ಲೆಸ್ ಉಕ್ಕು.
2. ಮಡಿಚದ, 10ರಿಂದ 12 ಸೆಂ.ಮೀ. ಅಲಗು, ಮೊಂಡು ಮೊನೆ, ಅರ್ಧ ಹಲ್ಲು, ಅರ್ಧ ನೇರ ಬಾಯಿ.
3. ಹಿಡಿಯ ಕೊನೆಯವರೆಗೆ ಬಾಲ. ಹಳದಿ ಅಥವಾ ಕಿತ್ತಳೆ ಬಣ್ಣದ, ಜಾರದ ಹಿಡಿ.
4. ತೂತಿರುವ ಪ್ಲಾಸ್ಟಿಕ್ ಒರೆ. ಎರಡೂ ಕೈಗೆ ಎಟುಕುವ ಜಾಗ.
5. ಪ್ರತಿ ದಿನ ಸಿಹಿನೀರಿನ ತೊಳೆತ, ವಾರಕ್ಕೊಮ್ಮೆ ಸಾಣೆ.

ಇಂಥ ಚೂರಿ ತೋಟದಲ್ಲಿ ಬೇಗ ಮೊಂಡಾಗುತ್ತದೆಂದು ಬೇಸರಪಡಬೇಕಾಗಿಲ್ಲ. ಸಾಣೆಕಲ್ಲು ಮನೆಯಲ್ಲೇ ಇದೆ. ನೀರಿಗಿಳಿಯುವ ಮುನ್ನ ಪ್ರತಿ ಸಲವೂ ಚೂರಿಯನ್ನು ಒರೆಯಿಂದ ಒಮ್ಮೆ ಎಳೆದು, ಒಂದು ತುಂಡು ನೈಲಾನ್ ಹಗ್ಗವನ್ನು ಕೊಯ್ದು ನೋಡಿರಿ. ಒಂದೇ ಎಳೆತಕ್ಕೆ ಹಗ್ಗ ತುಂಡಾಗದಿದ್ದರೆ, ಸಾಣೆ ಹಿಡಿದ ನಂತರವೇ ನೀರಿಗೆ ಇಳಿಯಿರಿ.